ಕಾಂಟೊರೆಕ್ ಮೇಷ್ಟ್ರು

ಯುದ್ಧವನ್ನು ಕುರಿತ ಕಾದಂಬರಿಗಳಲ್ಲಿ ಅಧ್ಯಾಪಕರಾದವರು ತಪ್ಪದೆ ಓದಬೇಕಾದುದು ಯಾವುದೆಂದು ಯಾರಾದರೂ ಕೇಳಿದರೆ, ಜರ್ಮನ್ ಲೇಖಕ ಎರಿಕ್ ಮರಿಯ ರೆಮಾರ್ಕ್ ಅವರ ‘ಆಲ್ ಕ್ವಯೆಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಎನ್ನುತ್ತೇನೆ. 1929ರಲ್ಲಿ ಪುಸ್ತಕರೂಪದಲ್ಲಿ ಬಂದ ಈ ಕೃತಿಯ ವಸ್ತು ಮೊದಲನೆಯ ಮಹಾಯುದ್ಧ. ಆದರೆ ಅದರ ದುರಂತ ಆರಂಭವಾಗುವುದು ಶಾಲೆಯ ಕೊಠಡಿಯಲ್ಲಿ.

ಕಾಂಟೊರೆಕ್ ಎಂಬ ಉಪಾಧ್ಯಾಯರು ತಮ್ಮ ಭಾಷಣಗಳಿಂದ ಇಡೀ ತರಗತಿಯನ್ನೇ ಸೈನ್ಯಕ್ಕೆ ಸೇರಿಸುತ್ತಾರೆ. ಯೋಸೆಫ್ ಬೆಮ್ ಎಂಬ ಹುಡುಗನಿಗೆ ಮಾತ್ರ ಹೋಗಲು ಮನಸ್ಸಿಲ್ಲ. ಹೇಡಿ ಎನಿಸಿಕೊಳ್ಳುವ ಅಂಜಿಕೆಯಿಂದ ಅವನೂ ಹೆಸರು ಬರೆಸುತ್ತಾನೆ. ಮೊದಮೊದಲು ಸತ್ತವರಲ್ಲಿ ಅವನೊಬ್ಬ. ಮೇಷ್ಟ್ರು ದುಷ್ಟರಲ್ಲ. ಆಡಿದ ಮಾತನ್ನು ತಾವೂ ನಂಬಿದ್ದರು. ನನ್ನನ್ನು ಕಾಡುವುದು ಇದೇ.

ರೆಮಾರ್ಕ್ ಅವರಿಗೆ ಶಾಲೆಯೂ ಗೊತ್ತಿತ್ತು, ಸಮರವೂ ಗೊತ್ತಿತ್ತು. ಉಪಾಧ್ಯಾಯ ವೃತ್ತಿಯ ತರಬೇತಿಯಲ್ಲಿದ್ದಾಗಲೇ 1916ರಲ್ಲಿ ಸೇನೆಗೆ ಕರೆ ಬಂತು, 1917ರಲ್ಲಿ ಗಾಯಗೊಂಡರು, ಯುದ್ಧಾನಂತರ ಕೆಲಕಾಲ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿದರು. ಯುದ್ಧದ ಬೆಲೆಯನ್ನು ಅವರು ಅಂಕಿಸಂಖ್ಯೆಗಳಲ್ಲಿ ಹೇಳುವುದಿಲ್ಲ. ಒಂದು ಜೊತೆ ಒಳ್ಳೆಯ ಬೂಟು ಸತ್ತ ಗೆಳೆಯನಿಂದ ಬದುಕಿರುವ ಗೆಳೆಯನಿಗೆ, ಅವನೂ ಸತ್ತ ಮೇಲೆ ಮತ್ತೊಬ್ಬನಿಗೆ ಸಾಗುತ್ತದೆ. ಬೂಟು ಉಳಿಯುತ್ತದೆ, ಹುಡುಗರು ಉಳಿಯುವುದಿಲ್ಲ. ಕಥಾನಾಯಕ ಪಾಲ್ ಸತ್ತ ದಿನ ಸೇನೆಯ ವರದಿಯಲ್ಲಿ ವಿಶೇಷವೇನೂ ಇರುವುದಿಲ್ಲ.

ಇಂಥ ಕೃತಿಗಳು ದೇಶಪ್ರೇಮವನ್ನು ಕುಗ್ಗಿಸುತ್ತವೆಂಬ ಆಕ್ಷೇಪ ಹಳೆಯದು. ಯೋಧರಿಗೆ ಬಗೆದ ದ್ರೋಹವೆಂದು ನಾಜಿಗಳು 1933ರಲ್ಲಿ ಇವರ ಪುಸ್ತಕಗಳನ್ನು ಸುಟ್ಟರು. 1938ರಲ್ಲಿ ಇವರ ಪೌರತ್ವವನ್ನು ಕಿತ್ತುಕೊಂಡರು. ಯುದ್ಧದಲ್ಲಿ ಸೋಲು ಖಚಿತವೆಂದು ಆಡಿದ ಮಾತಿಗಾಗಿ ಇವರ ತಂಗಿಯನ್ನು 1943ರಲ್ಲಿ ಕೊಂದರು. ಯೋಧರ ಮೇಲಿನ ಗೌರವ ಇದಾಗಿರಲಾರದು.

ನನ್ನ ಶಿಷ್ಯರಲ್ಲಿ ಸೇನೆ ಸೇರಿದವರಿದ್ದಾರೆ; ಅವರ ಬಗ್ಗೆ ನನಗೆ ಹೆಮ್ಮೆಯಿದೆ. ರೆಮಾರ್ಕ್ ಕೂಡ ಸಾಮಾನ್ಯ ಸೈನಿಕನನ್ನು ಹೀಗಳೆಯುವುದಿಲ್ಲ. ಅವರ ಪ್ರಶ್ನೆಯಿರುವುದು, ಸುರಕ್ಷಿತವಾದ ಜಾಗದಲ್ಲಿ ನಿಂತು ಪರರ ಮಕ್ಕಳಿಗೆ ವೀರಮರಣದ ಪಾಠ ಹೇಳುವವರಿಗೆ. ಆ ಪಟ್ಟಿಯಲ್ಲಿ ಮೇಷ್ಟ್ರುಗಳಾದ ನಾವು ಮೊದಲಿಗರು.

ನಿಮ್ಮಲ್ಲಿ ಹಲವರು ಈಗ ಅಧ್ಯಾಪಕರಾಗಿದ್ದೀರಿ. ನಮ್ಮ ಪ್ರಶ್ನೆಪತ್ರಿಕೆಗಳು ಮಹಾಯುದ್ಧದ ಕಾರಣ, ಪರಿಣಾಮಗಳನ್ನು ಕೇಳಿ ಸುಮ್ಮನಾಗುತ್ತವೆ. ಆ ಪಾಠ ಮಾಡುವ ದಿನ ಬೆಮ್‌ನ ಕಥೆಯನ್ನೂ ಹೇಳಿ. ಎಲ್ಲರೂ ಕೈಯೆತ್ತಿದಾಗ ಎತ್ತಲು ಹಿಂಜರಿಯುವ ಹುಡುಗ ಪ್ರತಿ ತರಗತಿಯಲ್ಲೂ ಒಬ್ಬನಿರುತ್ತಾನೆ. ಅವನ ಮಾತನ್ನು ಕೇಳಿಸಿಕೊಳ್ಳುವುದೂ ಮೇಷ್ಟ್ರ ಕರ್ತವ್ಯವೇ.