ಜ್ಞಾನಭಾರತಿಯ ನಡುವೆ ಹಾದುಹೋದ ನಗರ

ಬೆಂಗಳೂರು: 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯವು 1973ರಲ್ಲಿ ಸೆಂಟ್ರಲ್ ಕಾಲೇಜಿನ ಇಕ್ಕಟ್ಟಿನಿಂದ ಹೊರಬಂದು ಮೈಸೂರು ರಸ್ತೆಯತ್ತ ಮುಖ ಮಾಡಿತು. ಸಾವಿರಕ್ಕೂ ಹೆಚ್ಚು ಎಕರೆಯ ಜ್ಞಾನಭಾರತಿ ಆವರಣ ಆಗ ಊರಾಚೆಯ ಬಯಲು. ಓದಿಗೆ ಬೇಕಾದ ನಿಶ್ಶಬ್ದಕ್ಕಾಗಿ ನಗರವನ್ನು ಬಿಟ್ಟು ಹೋದ ಆ ವಿಶ್ವವಿದ್ಯಾಲಯವನ್ನು ನಗರವೇ ಬೆನ್ನಟ್ಟಿ ಹಿಡಿಯಿತು. ಇಂದು ಅಲ್ಲಿ ಸ್ನಾತಕೋತ್ತರ ಪದವಿಗೆಂದು ಬರುವ ಜಿಲ್ಲೆಯ ಹುಡುಗ ಅಥವಾ ಹುಡುಗಿಗೆ ಬೆಂಗಳೂರು ಎಂದರೆ ಮೊದಲು ಕಾಣುವುದು ಆವರಣದೊಳಗಿನ ವಾಹನಗಳ ಸಾಲು.

ಮೈಸೂರು ರಸ್ತೆಯಿಂದ ನಾಗರಭಾವಿ, ಉಲ್ಲಾಳದ ಕಡೆಗೆ ಹೋಗುವವರಿಗೆ ವಿಶ್ವವಿದ್ಯಾಲಯದ ರಸ್ತೆ ಅಡ್ಡದಾರಿ. ತರಗತಿಯಿಂದ ಗ್ರಂಥಾಲಯಕ್ಕೆ ನಡೆಯುವವರಿಗೆ ಅದೇ ರಸ್ತೆ ಅಂಗಳ. ಈ ಎರಡರ ನಡುವಿನ ಘರ್ಷಣೆ 2022ರ ಅಕ್ಟೋಬರ್‌ನಲ್ಲಿ ಜೀವವನ್ನೇ ಬಲಿ ತೆಗೆದುಕೊಂಡಿತು. ಆವರಣದಲ್ಲಿ ಬಿಎಂಟಿಸಿ ಬಸ್ಸಿನಡಿ ಸಿಲುಕಿ ತೀವ್ರವಾಗಿ ಗಾಯಗೊಂಡ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ಕೆಲವು ದಿನಗಳ ಬಳಿಕ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಹೊರಗಿನ ವಾಹನಗಳನ್ನು ನಿರ್ಬಂಧಿಸಬೇಕೆಂದು ವಿದ್ಯಾರ್ಥಿಗಳು ಬೀದಿಗಿಳಿದರು. ಬೇಡಿಕೆ ನ್ಯಾಯವಾದದ್ದೇ. ಆದರೆ ಸುತ್ತಲಿನ ಬಡಾವಣೆಗಳು ಐವತ್ತು ವರ್ಷ ಬೆಳೆದದ್ದು ಇದೇ ದಾರಿಯನ್ನು ನೆಚ್ಚಿಕೊಂಡು. ಬದಲಿ ದಾರಿಯನ್ನು ಯೋಜಿಸಬೇಕಾಗಿದ್ದ ಕಾಲದಲ್ಲಿ ಯಾರೂ ಯೋಜಿಸಲಿಲ್ಲ.

ಅದಕ್ಕೆ ಒಂದು ವರ್ಷ ಮೊದಲು, 2021ರ ಆಗಸ್ಟ್‌ನಲ್ಲಿ, ಕೆಂಗೇರಿವರೆಗೆ ವಿಸ್ತರಣೆಯಾದ ಮೆಟ್ರೊ ‘ಜ್ಞಾನಭಾರತಿ’ ಎಂಬ ಹೆಸರಿನ ನಿಲ್ದಾಣವನ್ನು ತಂದಿತು. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಅಖಂಡವಾಯಿತು. ಸೋದರತ್ತೆಯ ಮನೆಯೋ, ಅಣ್ಣನ ಬಾಡಿಗೆ ಕೋಣೆಯೋ ನಗರದ ಇನ್ನೊಂದು ತುದಿಯಲ್ಲಿರುವ ವಿದ್ಯಾರ್ಥಿಗೆ ಇದು ವರದಾನವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ವಿದ್ಯಾರ್ಥಿಗಳಿಗೆಂದು ಪ್ರತ್ಯೇಕ ರಿಯಾಯಿತಿ ಪ್ರಕಟವಾಗಲಿಲ್ಲ.

ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾರ್ಥಿನಿಲಯದಲ್ಲಿ ಸ್ಥಳ ಸಿಗದವರಿಗಾಗಿ 2013–14ರಲ್ಲಿ ಆರಂಭವಾದ ‘ವಿದ್ಯಾಸಿರಿ’ ಯೋಜನೆಯಲ್ಲಿ ಊಟ, ವಸತಿಗೆಂದು ನಿಗದಿಯಾದದ್ದು ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ 10 ತಿಂಗಳು. ವೈಟ್‌ಫೀಲ್ಡ್‌ನಿಂದ ಬಂದು ಹೋಗುವವರು ಕಾರ್ಡಿನ ಅಲ್ಪ ರಿಯಾಯಿತಿ ಬಿಟ್ಟರೆ ದಿನಕ್ಕೆ 180 ರೂಪಾಯಿ ತೆರಬೇಕು. ಎಂಟು ದಿನಗಳ ತರಗತಿಗೆ 1,440 ಆಯಿತು. ಊಟ, ವಸತಿಯ ಮಾತು ಆಮೇಲಿನದು! 2023ರ ಜೂನ್‌ನಲ್ಲಿ ಜಾರಿಯಾದ ‘ಶಕ್ತಿ’ ಯೋಜನೆಯಿಂದ ವಿದ್ಯಾರ್ಥಿನಿಯರ ಬಸ್ ಖರ್ಚು ಉಳಿದದ್ದು ನಿಜವಾದ ಸಮಾಧಾನ. ಗಂಡುಮಕ್ಕಳಿಗೆ ಬಸ್ ಪಾಸು ಇದೆ.

ವಸತಿಯ ಕಥೆ ಇನ್ನೂ ಕಠಿಣ. ಕೋವಿಡ್ ನಂತರ ಕಚೇರಿಗಳು ಮತ್ತೆ ತುಂಬತೊಡಗಿದಾಗ ಬಾಡಿಗೆ ಏರಿತು. ಮನೆ ಮಾಲೀಕರು ಬಾಡಿಗೆದಾರರನ್ನು ಸಂದರ್ಶನ ಮಾಡುತ್ತಿದ್ದಾರೆಂಬ ಸುದ್ದಿಗಳು ನಗೆಗೂ ವಸ್ತುವಾದವು. ಆ ಸಂದರ್ಶನದಲ್ಲಿ ಸಂಬಳದ ಚೀಟಿ ಇಲ್ಲದ ಸಂಶೋಧನಾ ವಿದ್ಯಾರ್ಥಿ ಯಾವ ಉತ್ತರ ಕೊಡಬಲ್ಲ? ಉಳಿಯುವ ದಾರಿ ಪಿ.ಜಿ. ಎಂದು ಕರೆಯಲಾಗುವ ಹಂಚಿಕೆಯ ಕೋಣೆ. ಅದರ ಮೇಲೂ ಶೇ 12ರ ಜಿಎಸ್‌ಟಿ ಅನ್ವಯಿಸುತ್ತದೆಂದು 2023ರ ಜುಲೈನಲ್ಲಿ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ ಹೇಳಿತು. ಮರುವರ್ಷ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿಯು ತಿಂಗಳಿಗೆ 20,000 ರೂಪಾಯಿವರೆಗಿನ ಬಾಡಿಗೆಗೆ, ಕನಿಷ್ಠ 90 ದಿನಗಳ ನಿರಂತರ ವಾಸದ ಷರತ್ತಿನೊಂದಿಗೆ ವಿನಾಯಿತಿ ನೀಡಲು ನಿರ್ಧರಿಸಿತು.

ಮಾಹಿತಿ ತಂತ್ರಜ್ಞಾನದ ಉದ್ಯೋಗಿಯೂ ಕನ್ನಡ ಎಂ.ಎ. ಓದುವವನೂ ಈಗ ಒಂದೇ ಮಾರುಕಟ್ಟೆಯಲ್ಲಿ ಮಂಚಕ್ಕಾಗಿ ಸ್ಪರ್ಧಿಸುತ್ತಾರೆ. ಒಬ್ಬನ ವಾಸ ಸಂಬಳದ ಮೇಲೆ ನಿಂತಿದ್ದರೆ ಇನ್ನೊಬ್ಬನದು ಊರಿನಿಂದ ಬರುವ ರಾಗಿ, ಜೋಳದ ಲೆಕ್ಕದ ಮೇಲೆ. 2017ರಲ್ಲಿ ವಿಶ್ವವಿದ್ಯಾಲಯವನ್ನು ಮೂರಾಗಿ ವಿಭಜಿಸಿದಾಗ ಕಾಲೇಜುಗಳ ಹೊರೆಯ ಬಗ್ಗೆ ಸಾಕಷ್ಟು ಚರ್ಚೆ ನಡೆಯಿತು. ಹೊರಗಿನಿಂದ ಬರುವ ವಿದ್ಯಾರ್ಥಿ ರಾತ್ರಿ ಎಲ್ಲಿ ಮಲಗುತ್ತಾನೆಂಬ ಪ್ರಶ್ನೆಗೆ ಆ ಚರ್ಚೆಯಲ್ಲಿ ಅಷ್ಟೇನೂ ಜಾಗ ಸಿಗಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಬದಲಿಗೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಹಾಗೂ ಐದು ನಗರಪಾಲಿಕೆಗಳ ವ್ಯವಸ್ಥೆ ಬಂದಿದೆ. ಜ್ಞಾನಭಾರತಿಯ ರಸ್ತೆಗೆ ಬದಲಿ ದಾರಿ ಹುಡುಕುವ ಹೊಣೆಯನ್ನು ಇವರ ಪೈಕಿ ಯಾರಾದರೂ ಹೊರಬೇಕಿದೆ.