ಮೋಶೆಗೊಬ್ಬ ಆರೋನ ಬೇಕಾಗಿತ್ತು



ಕಳೆದ ಬೇಸಿಗೆಯಲ್ಲಿ ನಮ್ಮ ವಸತಿನಿಲಯದ ಹುಡುಗನೊಬ್ಬನ ಅಕ್ಕನ ಮದುವೆಗೆಂದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿಗೆ ಹೋಗಿದ್ದೆವು. ವಿಜಯಪುರದಿಂದ ಹೊರಟ ಬಸ್ಸು ಗಡಿ ದಾಟಿದ್ದು ನಮಗೆ ತಿಳಿದದ್ದು ಅಂಗಡಿಯ ಬೋರ್ಡುಗಳು ಮರಾಠಿಗೆ ತಿರುಗಿದಾಗಲೇ. ಬಸ್ಸಿನೊಳಗಿನ ಮಾತು ಮಾತ್ರ ಕನ್ನಡದಲ್ಲೇ ಸಾಗಿತ್ತು. ಉಮದಿ, ಸಂಖ, ಗುಡ್ಡಾಪುರದ ಕಡೆಯ ಊರುಗಳಲ್ಲಿ ಮನೆಮಾತು ಕನ್ನಡ, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳೂ ಇವೆ. ಸರ್ಕಾರಿ ಕಾಗದ ಮಾತ್ರ ಮರಾಠಿ. 2022ರ ಕೊನೆಯಲ್ಲಿ ಈ ಹಳ್ಳಿಗಳು ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ದಿನವೂ ಸುದ್ದಿಯಾಗಿದ್ದವು. ಗಡಿಯ ವಿಷಯ ಬರೆಯಲು ನಾವು ಕುಳಿತಿಲ್ಲ. ಆದರೂ ಅದು ನಡುವೆ ಬಂದೇ ಬರುತ್ತದೆ.

ಊಟ ಮುಗಿಸಿ ಕೈತೊಳೆಯುತ್ತಿದ್ದಾಗ ಪಕ್ಕದ ಮನೆಯ ತಾಯಿಯೊಬ್ಬರು ಬಂದು ನಿಂತರು. ಅವರ ಭುಜ ಹಿಡಿದು ಹತ್ತೊಂಬತ್ತರ ಹರೆಯದ ಮಗ.

"ನೋಡ್ರಿ ಫಾದರ್, ಇವಗ ಹುಟ್ಟಿದಾಗಿಂದ ಕಣ್ಣ ಸರಿ ಇಲ್ಲ. ವಕೀಲಕಿ ಕಲೀತೀನಿ ಅಂತಾನ. ಮಂದಿ ನಗ್ತಾರ. ನೀವರ ಹೇಳ್ರಿ, ಆಗ್ತೈತೋ ಇಲ್ಲೋ."

ಹುಡುಗನಿಗೆ ಬೆಳಕು ಮತ್ತು ನೆರಳು ಗೊತ್ತಾಗುತ್ತದೆ, ಅಕ್ಷರ ಕಾಣುವುದಿಲ್ಲ. ವಕೀಲಿಯೇ ಏಕೆ ಎಂದು ಕೇಳಿದೆವು. ಅವರ ಹೊಲದ ಸಾತ್‌ಬಾರಾ ಉತಾರೆಯಲ್ಲಿ ಹೆಸರೊಂದು ತಪ್ಪಿ, ತಂದೆ ವರ್ಷಗಟ್ಟಲೆ ಕಚೇರಿಗೆ ಅಲೆದಿದ್ದರಂತೆ. ಮನೆಯಲ್ಲಿ ಯಾರಾದರೂ ಆ ಕಾಗದಗಳನ್ನು ಓದಿ ಹೇಳುವಾಗ ಇವನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದ. ನಮ್ಮೆದುರು ತಾರೀಖು ಸಮೇತ ಒಪ್ಪಿಸಿದ. ಇಷ್ಟೆಲ್ಲ ನೆನಪಿಟ್ಟವನು ಕಾಲೇಜೊಂದರ ಕಚೇರಿಗೆ ಹೋದಾಗ ಅಲ್ಲಿಯವರು, ದಪ್ಪ ದಪ್ಪ ಪುಸ್ತಕ ಓದುವ ಕೋರ್ಸು ಇದು, ನಿನಗೆ ಹೊಂದುವುದಿಲ್ಲ, ಬಿ.ಎ. ಮಾಡಿಕೋ ಎಂದು ಕಳಿಸಿದ್ದರು.

ಅವರನ್ನು ದೂರುವ ಮುಂಚೆ ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಬಾಯಿಗೂ ಮೊದಲು ಬಂದದ್ದು ಅಂಥದೇ ಮಾತು. ಸಂಗೀತ ಕಲಿಯಬಹುದಲ್ಲ ಎಂದುಬಿಟ್ಟೆವು. ಹುಡುಗ ನಕ್ಕು, "ನನಗ ದನಿ ಇಲ್ರಿ ಫಾದರ್" ಎಂದ. ಆ ನಗು ನಮ್ಮನ್ನು ಊರಿಗೆ ಮರಳುವ ದಾರಿಯುದ್ದಕ್ಕೂ ಕಾಡಿತು.

ಬಂದವರೇ ಪರಿಚಯದ ವಕೀಲರನ್ನು ಹಿಡಿದು ಕುಳಿತೆವು. ಆಗ ತಿಳಿದದ್ದು ಇದು. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಆಯಿತು, 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸರ್ಕಾರಿ ಮತ್ತು ಸರ್ಕಾರದ ಅನುದಾನ ಪಡೆಯುವ ಉನ್ನತ ಶಿಕ್ಷಣ ಸಂಸ್ಥೆಗಳು ಶೇಕಡಾ 40 ಅಥವಾ ಹೆಚ್ಚು ನ್ಯೂನತೆ ಇರುವವರಿಗೆ ಶೇಕಡಾ 5ಕ್ಕೆ ಕಡಿಮೆಯಿಲ್ಲದಷ್ಟು ಸೀಟು ಮೀಸಲಿಡಬೇಕು. ಪ್ರವೇಶದ ವಯಸ್ಸಿನಲ್ಲಿ 5 ವರ್ಷದ ಸಡಿಲಿಕೆಯೂ ಉಂಟು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಮತ್ತು ಲಿಪಿಕಾರನ ಸೌಲಭ್ಯವನ್ನು ಕಾಯ್ದೆಯೇ ಹೆಸರಿಸಿ ಹೇಳಿದೆ. ಗಡಿಯವರಿಗೆ ಮುಖ್ಯವಾದ ಇನ್ನೊಂದು ಮಾತು: ಈ ಕಾಯ್ದೆಯಡಿ ಕೊಟ್ಟ ಅಂಗವಿಕಲತೆಯ ಪ್ರಮಾಣಪತ್ರ ಇಡೀ ದೇಶಕ್ಕೆ ಸಲ್ಲುತ್ತದೆ. ಸಾಂಗ್ಲಿಯಲ್ಲಿ ಮಾಡಿಸಿದ ಪತ್ರವನ್ನು ಹುಬ್ಬಳ್ಳಿಯಲ್ಲಿ ಒಲ್ಲೆ ಎನ್ನುವಂತಿಲ್ಲ.

ಕಾನೂನು ಕಲಿಸುವ ಮನೆಯಲ್ಲೇ ಕಾನೂನು ಪಾಲನೆಯಾಗದೆ ಇದ್ದುದರ ಕಥೆಯೂ ಇದೆ. ಡಿಸೇಬಲ್ಡ್ ರೈಟ್ಸ್ ಗ್ರೂಪ್ ಎಂಬ ಸಂಸ್ಥೆ 2006ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿ ಮೊದಲಿಗೆ ಕಾನೂನು ಕಾಲೇಜುಗಳನ್ನು ಕುರಿತದ್ದೇ ಆಗಿತ್ತು: ಮೀಸಲು ಸೀಟು ಕೊಡುತ್ತಿಲ್ಲ, ಕಟ್ಟಡದೊಳಗೆ ಹೋಗುವಂತಿಲ್ಲ, ಪಾಠ ಕಲಿಸುವ ರೀತಿ ಇವರಿಗೆ ಎಟಕುವಂತಿಲ್ಲ ಎಂದು. ನ್ಯಾಯಾಲಯ ಅದನ್ನು ಎಲ್ಲ ಉನ್ನತ ಶಿಕ್ಷಣ ಸಂಸ್ಥೆಗಳಿಗೂ ವಿಸ್ತರಿಸಿ 2017ರ ಡಿಸೆಂಬರ್ 15ರಂದು ತೀರ್ಪು ಕೊಟ್ಟಿತು. ಹನ್ನೊಂದು ವರ್ಷ! ಅರ್ಜಿ ಹಾಕಿದಾಗ ಒಂದನೆಯ ತರಗತಿಗೆ ಸೇರಿದ ಮಗು ಅಷ್ಟರಲ್ಲಿ ಕಾಲೇಜಿನ ಹೊಸ್ತಿಲಿಗೆ ಬಂದಿರುತ್ತದೆ.

ಶೇಕಡಾ 40ರ ಗೆರೆಗಿಂತ ಕೆಳಗಿರುವವರ ಗತಿಯೇನು? ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬವರಿಗೆ ಯು.ಪಿ.ಎಸ್.ಸಿ. ಲಿಪಿಕಾರನನ್ನು ನಿರಾಕರಿಸಿತ್ತು. ಲಿಪಿಕಾರನ ಸೌಲಭ್ಯವನ್ನು ಶೇಕಡಾ 40ರ ಲೆಕ್ಕಕ್ಕೆ ಕಟ್ಟಿಹಾಕುವಂತಿಲ್ಲ ಎಂದು 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಇಷ್ಟು ಕಲಿತು ಏನು ಫಲ, ಕುರುಡನನ್ನು ನ್ಯಾಯಾಧೀಶ ಮಾಡುತ್ತಾರೆಯೇ ಎಂದು ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಕೇಳಿದರು. ಮಧ್ಯಪ್ರದೇಶದಲ್ಲಿ ದೃಷ್ಟಿಹೀನರು ನ್ಯಾಯಾಂಗ ಸೇವೆಗೆ ಸೇರದಂತೆ ನಿಯಮವೇ ಇತ್ತು. ಅಂಥ ಅಭ್ಯರ್ಥಿಯೊಬ್ಬರ ತಾಯಿ 2024ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಕಾಗದ ಬರೆದರು. ಆ ಕಾಗದವನ್ನೇ ಅರ್ಜಿಯೆಂದು ತೆಗೆದುಕೊಂಡ ನ್ಯಾಯಾಲಯ 2025ರ ಮಾರ್ಚ್ 3ರಂದು ಆ ನಿಯಮವನ್ನು ರದ್ದು ಮಾಡಿತು. ಒಬ್ಬ ತಾಯಿಯ ಕಾಗದ! ಜತ್ತದ ಆ ತಾಯಿ ನಮ್ಮ ಕಣ್ಣ ಮುಂದೆ ಬಂದರು.

ನಮ್ಮ ಮನೆಯ ಉದಾಹರಣೆಯೂ ಇದೆ. ಕಿವಿ ಕೇಳದ ಸಾರಾ ಸನ್ನಿ ಬೆಂಗಳೂರಿನ ಸಂತ ಜೋಸೆಫರ ಕಾನೂನು ಕಾಲೇಜಿನಲ್ಲಿ ಕಲಿತವರು. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ, 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಸಂಜ್ಞಾಭಾಷೆಯ ದುಭಾಷಿಯ ನೆರವಿನಿಂದ ವಕೀಲಿ ಮಾಡಿದರು. ವಾದ ಅವರದು, ದನಿ ಮಾತ್ರ ಇನ್ನೊಬ್ಬರದು.

ಇದು ಹೊಸದೇನೂ ಅಲ್ಲ. ಇಸ್ರಯೇಲರಿಗೆ ದೇವರ ಆಜ್ಞೆಗಳನ್ನು ತಂದುಕೊಟ್ಟ ಮೋಶೆಯೇ ತನಗೆ ಮಾತು ತೊಡರುತ್ತದೆ, ಬೇರೆ ಯಾರನ್ನಾದರೂ ಕಳಿಸು ಎಂದು ಹಿಂಜರಿದಿದ್ದ. ದೇವರು ಸಿಟ್ಟಾದರು ನಿಜ, ಆದರೆ ಮೋಶೆಯನ್ನು ಬಿಟ್ಟು ಸರಾಗವಾಗಿ ಮಾತಾಡುವ ಇನ್ನೊಬ್ಬನನ್ನು ಆರಿಸಲಿಲ್ಲ. ಅಣ್ಣ ಆರೋನನನ್ನು ಅವನಿಗೆ ಬಾಯಾಗಿ ಕೊಟ್ಟರು. ಸಂತ ಪೌಲರು ರೋಮನರಿಗೆ ಬರೆದ ಪತ್ರವನ್ನು ಕೈಯಾರೆ ಬರೆದವನು ತೆರ್ತ್ಯ; ಕೊನೆಯ ಅಧ್ಯಾಯದಲ್ಲಿ ತನ್ನ ನಮಸ್ಕಾರವನ್ನೂ ಸೇರಿಸಿಬಿಟ್ಟಿದ್ದಾನೆ. ಹಾಗೆಂದು ಅದನ್ನು ತೆರ್ತ್ಯನ ಪತ್ರ ಎಂದು ಯಾರೂ ಕರೆಯುವುದಿಲ್ಲ. ಲಿಪಿಕಾರ ಬರೆದರೆ ಅಂಕ ಯಾರಿಗೆ ಸಲ್ಲಬೇಕು ಎಂದು ತಗಾದೆ ತೆಗೆಯುವವರಿಗೆ ಇಷ್ಟು ಸಾಕು.

ಧರ್ಮಸಭೆ ಈ ವಿಷಯದಲ್ಲಿ ಮುಂದಿತ್ತೆಂದು ನಾವು ಎದೆ ತಟ್ಟಿಕೊಳ್ಳುವಂತಿಲ್ಲ. 1917ರ ಧರ್ಮಸಭಾ ಕಾನೂನಿನಲ್ಲಿ ದೇಹದ ಊನವೂ ಗುರುದೀಕ್ಷೆಗೆ ಅಡ್ಡಿಗಳ ಪಟ್ಟಿಯಲ್ಲಿತ್ತು. 1983ರ ಕಾನೂನಿನಲ್ಲಿ ಆ ಸಾಲು ಇಲ್ಲ. ಗುರುಮಠದಲ್ಲಿ ಇದನ್ನು ಪರೀಕ್ಷೆಗೆಂದು ಓದಿದ್ದೆವು, ಅಷ್ಟೇ. ಆ ಸಾಲಿನ ದೆಸೆಯಿಂದ ಮನೆಗೆ ಮರಳಿದ ಹುಡುಗರ ಕುರಿತು ಯೋಚಿಸಿದ್ದು ಈಗಲೇ.

ಮತ್ತೆ ಜತ್ತಕ್ಕೆ ಬರೋಣ. ಹುಡುಗ ತನ್ನ ಮೊಬೈಲಿನಲ್ಲಿ ಪುಸ್ತಕ ಓದಿಸಿಕೊಳ್ಳುತ್ತಾನೆ. ಆ ದನಿ ಎಷ್ಟು ವೇಗವೆಂದರೆ ನಮಗೆ ಒಂದಕ್ಷರ ತಿಳಿಯಲಿಲ್ಲ. ಅವನು ತಲೆಯಾಡಿಸುತ್ತ ಕೇಳುತ್ತಿದ್ದ. ತೊಂದರೆ ಬರುವುದು ಬೇರೆ ಕಡೆ. ಕಾಲೇಜಿನವರು ಕೊಡುವ ನೋಟ್ಸು ಬಹುಪಾಲು ಪುಟದ ಫೋಟೊ. ಫೋಟೊವನ್ನು ಯಂತ್ರ ತಾನಾಗಿ ಓದುವುದಿಲ್ಲ, ಅಕ್ಷರವಾಗಿ ಬದಲಿಸಿ ಕೊಡಬೇಕು. ಹಾಗೆ ಬದಲಿಸಿ ಕೊಡುವುದಕ್ಕೆ 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯ್ದೆಯ ಅಡ್ಡಿಯೂ ಇಲ್ಲ. ಬೇಕಾಗಿರುವುದು ಕುಳಿತು ಟೈಪು ಮಾಡುವ, ತಿದ್ದುವ ಕೈಗಳು.

ಎರಡನೆಯದು ಲಿಪಿಕಾರ. ಮರಾಠಿಯಲ್ಲಿ ಲೇಖನಿಕ ಎನ್ನುತ್ತಾರೆ, ಹುಡುಗರ ಬಾಯಲ್ಲಿ ರೈಟರ್. ಹತ್ತನೆಯವರೆಗೆ ಕನ್ನಡದಲ್ಲಿ ಕಲಿತ ಇವನು ಹನ್ನೆರಡನೆಯದನ್ನು ಮರಾಠಿಯಲ್ಲಿ ಬರೆದ. ಸಿಕ್ಕ ರೈಟರಿಗೆ ಇವನ ಕನ್ನಡ ಬೆರೆತ ಮರಾಠಿ ಅರ್ಥವಾಗದೆ ಪ್ರತಿ ವಾಕ್ಯವನ್ನು ಎರಡೆರಡು ಸಲ ಹೇಳಬೇಕಾಯಿತು. 2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚುವರಿ ಸಮಯ ಹೇಳಿತ್ತು, ಅಂದರೆ ಮೂರು ಗಂಟೆಯ ಪರೀಕ್ಷೆಗೆ ಇನ್ನೊಂದು ಗಂಟೆ. ಭಾಷೆ ತಿಳಿಯದ ಲಿಪಿಕಾರ ಆ ಗಂಟೆಯನ್ನು ನುಂಗಿಬಿಡುತ್ತಾನೆ. ಕಣ್ಣಿನ ಊನಕ್ಕೆ ಕಾನೂನು ಇದೆ. ಗಡಿಯ ಊನಕ್ಕೆ ಯಾವ ಪ್ರಮಾಣಪತ್ರವೂ ಇಲ್ಲ.

ನಾವು ಮಾಡಿದ್ದು ಸ್ವಲ್ಪವೇ. ವಕೀಲರಿಂದ ಅರ್ಜಿಯೊಂದನ್ನು ಬರೆಸಿದೆವು. ಸೀಟಿನ ಜೊತೆಗೆ ಲಿಪಿಕಾರ, ಹೆಚ್ಚುವರಿ ಸಮಯ, ಅಕ್ಷರರೂಪದ ನೋಟ್ಸು, ಇವೆಲ್ಲ ವಿಶ್ವವಿದ್ಯಾಲಯದ ಪರೀಕ್ಷೆಗಷ್ಟೇ ಅಲ್ಲ, ಕಾಲೇಜಿನ ಆಂತರಿಕ ಪರೀಕ್ಷೆಗೂ ಬೇಕೆಂದು ಕೇಳಿದೆವು. ಇಂಥ ಮಕ್ಕಳಿರುವ ಮನೆಯವರಿಗೆ ನಮ್ಮ ಮಾತು ಇಷ್ಟೇ: ಬಾಯಿಮಾತಿನಲ್ಲಿ ಕೇಳಬೇಡಿ, ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ನಿಯಮಗಳು ಆಗಾಗ ಬದಲಾಗುತ್ತವೆ, ಆ ವರ್ಷದ್ದನ್ನು ವಿಚಾರಿಸಿ. ಬಾಯಿಮಾತಿಗೆ ಇಲ್ಲವೆನ್ನುವವರು ಬರಹದಲ್ಲಿ ಇಲ್ಲವೆನ್ನಲು ಯೋಚಿಸುತ್ತಾರೆ. ಇಲ್ಲಿಯೂ ಹಾಗೇ ಆಯಿತು. ಹುಡುಗನಿಗೆ ಸೀಟು ಸಿಕ್ಕಿದೆ. ಮೊಹರು ಬಿದ್ದ ಅರ್ಜಿಯ ಪ್ರತಿಯನ್ನು ತಾಯಿ ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿಟ್ಟಿದ್ದಾರಂತೆ.

ಇನ್ನು ಮೊದಲ ಸೆಮಿಸ್ಟರಿನ ಪರೀಕ್ಷೆ. ಅದೇ ಊರಿನ ಹನ್ನೆರಡನೆಯ ತರಗತಿಯ ಹುಡುಗಿಯೊಬ್ಬಳಿಗೆ ಕನ್ನಡ, ಮರಾಠಿ, ಇಂಗ್ಲಿಷು ಮೂರೂ ಬರುತ್ತವೆ, ಅಕ್ಷರ ದುಂಡಗಿದೆ. ಬರೆದುಕೊಡಲು ಅವಳು ಸಿದ್ಧ. ಆದರೆ ಪರೀಕ್ಷೆಯ ದಿನಗಳಲ್ಲಿ ಮಗಳನ್ನು ಪಟ್ಟಣದಲ್ಲಿ ಬಿಡಲು ಅವಳ ತಂದೆಗೆ ಮನಸ್ಸಿಲ್ಲ, ಅದೂ ತಪ್ಪಲ್ಲ. ಆ ಪಟ್ಟಣದ ಕನ್ಯಾಸ್ತ್ರೀಯರ ಮಠದಲ್ಲಿ ಅವಳಿಗೆ ಇಳಿದುಕೊಳ್ಳಲು ಜಾಗ ಕೇಳಿದ್ದೇವೆ, ಮದರ್ ಒಪ್ಪಿದ್ದಾರೆ. ತಂದೆಯ ಜೊತೆ ಮಾತಾಡಲೆಂದು ಬರುವ ಭಾನುವಾರ ಎರಡನೆಯ ಬಲಿಪೂಜೆ ಮುಗಿಸಿ ಹನ್ನೊಂದರ ಬಸ್ಸಿಗೆ ಹೊರಟಿದ್ದೇವೆ.