ಹೂವಿನ ಪಾಠಕ್ಕೆ ಸಂಕೋಚವೇಕೆ?

ಹೂ ಮುಡಿಯುವುದನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಹೂವು ಗಿಡದ ಸಂತಾನೋತ್ಪತ್ತಿಯ ಅಂಗವೆಂಬ ಪಾಠ ಬಂದೊಡನೆ, ಕೇಸರ, ಅಂಡಾಶಯಗಳ ಹೆಸರುಗಳನ್ನು ಬಾಯಿಪಾಠ ಮಾಡಿಸಿ ಪುಟ ತಿರುವುವ ರೂಢಿ ಇನ್ನೂ ಕೆಲವೆಡೆ ಉಳಿದಿದೆ. ಹುಡುಗಿಯರಿಗೆ ಅಷ್ಟೇ ಸಾಕೆಂದು ಕೆಲವು ತಾಯಂದಿರೂ ಹೇಳುವರು. ಈ ಅಭಿಪ್ರಾಯವನ್ನು ನಾವು ಒಪ್ಪಲಾರೆವು.

ಬರಿಯ ಹೆಸರುಗಳಲ್ಲಿ ಹೂವಿನ ಅದ್ಭುತವು ಕಾಣದು. ಆಕ್ಸಿನ್ ಎಂಬ ಹಾರ್ಮೋನು ಕುಡಿಯ ತುದಿಯಲ್ಲಿ ಎಲ್ಲಿ ಕೂಡಿಕೊಳ್ಳುವುದೋ ಅಲ್ಲಿಯೇ ಮೊಗ್ಗು ಹುಟ್ಟುವುದು. ಅದನ್ನು ಜೀವಕೋಶದಿಂದ ಹೊರಗೆ ಸಾಗಿಸಿ ನೆರೆಯ ಕೋಶದತ್ತ ಕಳುಹಿಸುವ ಪ್ರೋಟೀನುಗಳುಂಟು. ಸಾಸಿವೆಯ ಕುಲದ ಅರಬಿಡಾಪ್ಸಿಸ್ ಎಂಬ ಚಿಕ್ಕ ಕಳೆಯಲ್ಲಿ ಇಂತಹ ಒಂದು ಪ್ರೋಟೀನು ಕೆಲಸ ಮಾಡದಿದ್ದರೆ, ದಂಟು ಹೂವಿಲ್ಲದೆ ಗುಂಡುಸೂಜಿಯಂತೆ ಬೋಳಾಗಿ ಬೆಳೆಯುವುದು. ಆದುದರಿಂದಲೇ ಆ ಪ್ರೋಟೀನಿಗೆ ‘ಪಿನ್’ ಎಂಬ ಹೆಸರು. 2000ನೆಯ ಇಸವಿಯಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಆ ಬೋಳು ತುದಿಗೆ ಆಕ್ಸಿನ್ ಸವರಿದಾಗ, ಸವರಿದೆಡೆಯಲ್ಲಿಯೇ ಹೂವು ಮೂಡಿತು. ಮುಂದೆ ಕೇಸರಗಳು ನೀಳವಾಗಿ ಪರಾಗವು ಬಲಿಯಲು ಜಿಬ್ಬರೆಲಿನ್ ಎಂಬ ಮತ್ತೊಂದು ಹಾರ್ಮೋನು ಬೇಕು.

ಇದು ದೂರದೇಶದ ವಿದ್ಯೆ ಮಾತ್ರವಲ್ಲ. ನಮ್ಮ ಕುಮಾರ ಪಾರ್ಕಿನಿಂದ ಮಲ್ಲೇಶ್ವರವನ್ನು ದಾಟಿದರೆ, ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯುಂಟು. ಅಲ್ಲಿ ಉಷಾ ವಿಜಯರಾಘವನ್ ಅವರೂ ಅವರ ಸಂಗಡಿಗರೂ ಭತ್ತದ ಹೂವನ್ನು ಪರಿಶೋಧಿಸಿ, ಅದರ ರಚನೆಯನ್ನು ಆಳುವ ಜೀನೊಂದು ಆಕ್ಸಿನ್, ಸೈಟೊಕೈನಿನ್ ಎಂಬ ಹಾರ್ಮೋನುಗಳ ವ್ಯವಹಾರವನ್ನೂ ನಿಯಮಿಸುವುದೆಂದು 2013ರಲ್ಲಿ ತೋರಿಸಿದರು. ನಾವು ಉಣ್ಣುವ ಅನ್ನದ ಒಂದೊಂದು ಅಗುಳೂ ಅಂತಹ ಹೂವಿನ ಫಲವೇ. ಈ ವಿದ್ಯೆ ಹೆಣ್ಣಿಗೆ ಸಲ್ಲದೆನ್ನುವವರು, ಇಂತಹ ಶೋಧನೆಯನ್ನು ನಡೆಸಿದವರು ಒಬ್ಬ ಮಹಿಳೆಯೆಂಬುದನ್ನು ನೆನೆಯಬೇಕು.

ಗಿಡದ ಹಾರ್ಮೋನುಗಳು ಬೇರೆ, ಮನುಷ್ಯರವು ಬೇರೆ. ಇದನ್ನೂ ಮಕ್ಕಳಿಗೆ ತಿಳಿಸಬೇಕು. ಆದರೆ ಹೂವನ್ನು ಕುರಿತು ತರಗತಿಯಲ್ಲಿ ನಿರ್ಭಯವಾಗಿ ಪ್ರಶ್ನೆ ಕೇಳಿದ ಹುಡುಗಿಯು, ನಾಳೆ ತನ್ನ ಶರೀರದಲ್ಲಾಗುವ ಬದಲಾವಣೆಗಳನ್ನು ಕುರಿತು ತಾಯಿಯನ್ನೋ ವೈದ್ಯರನ್ನೋ ಕೇಳಲು ಅಂಜಳು. ಉಪಾಧ್ಯಾಯಿನಿಯೇ ನಾಚಿ ಪುಟ ತಿರುವಿದರೆ, ಮಗುವು ಕಲಿಯುವುದು ನಾಚಿಕೆಯನ್ನೇ. ಮೌನವು ಮರ್ಯಾದೆಯನ್ನು ಕಾಯುವುದೆಂಬುದು ತಪ್ಪು ತಿಳುವಳಿಕೆ. ಅದು ಅಜ್ಞಾನವನ್ನು ಮಾತ್ರ ಕಾಯುವುದು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ತಾಯಂದಿರಾಗಿರುವರು. ಅವರಲ್ಲಿಯೂ ಎಲ್ಲ ಪೋಷಕರಲ್ಲಿಯೂ ನಮ್ಮ ಬಿನ್ನಹವಿಷ್ಟೆ: ಅಂಗಳದ ದಾಸವಾಳವೊಂದನ್ನು ಕೊಯ್ದು, ಮಗಳೊಡನೆ ಕುಳಿತು ಎಸಳೆಸಳಾಗಿ ಬಿಡಿಸಿ ನೋಡಿರಿ. ಅವಳು ಕೇಳಿದ್ದಕ್ಕೆ ಉತ್ತರ ಹೇಳಿರಿ. ತಿಳಿಯದಿದ್ದರೆ ಅವಳನ್ನು ಗದರಿಸದೆ ನಮ್ಮಲ್ಲಿಗೆ ಕಳುಹಿಸಿರಿ.